ದೋಣಿಯಾನದ ರಕ್ಷಣಾ ಉಡುಪು: ಕೃಷ್ಣೆ–ತುಂಗಭದ್ರೆಯ ನಡುವಿನ ನಾಡಿನಲ್ಲಿ

ದೋಣಿ, ಹರಿಗೋಲು, ತೆಪ್ಪಗಳಲ್ಲಿ ಹೋಗುವವರು ನೀರಿಗೆ ಬಿದ್ದಾಗ ಜೀವ ಉಳಿಯಲೆಂದು ತೊಡುವ ಉಡುಪುಗಳಲ್ಲಿ ಎರಡು ಬಗೆ. ಒಂದು ಮೈಯನ್ನು ತೇಲಿಸುತ್ತದೆ. ಲೈಫ್ ಜಾಕೆಟ್ ಈ ಬಗೆಯದು. ಇನ್ನೊಂದು ಮೈಯ ಬಿಸಿಯನ್ನು ಕಾಯುತ್ತದೆ. ವೆಟ್‌ಸೂಟ್ ಮತ್ತು ಡ್ರೈಸೂಟ್ ಈ ಬಗೆಯವು. ಎರಡರ ಕೆಲಸವೂ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಲಾರದು. ಯಾವುದನ್ನು ಆರಿಸಬೇಕೆಂಬುದು ಇಳಿಯಲಿರುವ ನೀರಿನ ಗುಣದ ಮೇಲೆ ನಿಂತಿದೆ: ಅದು ಎಷ್ಟು ತಣ್ಣಗಿದೆ, ಎಷ್ಟು ಸೆಳೆಯುತ್ತದೆ, ಎಷ್ಟು ಕೊಳೆಯಾಗಿದೆ. ರಾಯಚೂರು ಸೀಮೆಯ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಹೊಳೆ ದಾಟುವವರಿಗೆ ಮೊದಲು ಬೇಕಾದದ್ದು ತೇಲಿಸುವ ಉಡುಪು. ಡ್ರೈಸೂಟಿಗೂ ಇಲ್ಲಿ ಜಾಗವಿದೆ, ಆದರೆ ಅದು ಕಿರಿದಾದ ಜಾಗ.

ಎರಡು ಹೊಳೆಗಳು

ಜಿಲ್ಲೆಯ ಉತ್ತರದಂಚಿಗೆ ಕೃಷ್ಣೆ, ದಕ್ಷಿಣದಂಚಿಗೆ ತುಂಗಭದ್ರೆ. ನಡುವಿನ ಸೀಮೆಯನ್ನು ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ರಾಯಚೂರು ನಗರ ಎರಡೂ ಹೊಳೆಗಳಿಂದ ದೂರದಲ್ಲಿದೆ. ಉತ್ತರಕ್ಕೆ ಶಕ್ತಿನಗರ, ದೇವಸೂಗೂರಿನ ಕಡೆ ಹೋದರೆ ಕೃಷ್ಣೆ, ಮಂತ್ರಾಲಯದ ದಾರಿ ಹಿಡಿದರೆ ತುಂಗಭದ್ರೆ ಸಿಗುತ್ತದೆ. ದೇವದುರ್ಗ ತಾಲ್ಲೂಕಿನ ಕೊಪ್ಪರ, ಗೂಗಲ್, ಹೂವಿನಹೆಡಗಿ ಕೃಷ್ಣೆಯ ದಂಡೆಯ ಊರುಗಳು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ, ರಾಜೋಳಿಬಂಡಾ ತುಂಗಭದ್ರೆಯ ದಂಡೆಯವು.

ಬೇಸಿಗೆಯಲ್ಲಿ ಈ ಹೊಳೆಗಳಲ್ಲಿ ಬಂಡೆಗಳು ಎದ್ದು ಕಾಣುತ್ತವೆ, ನೀರು ಮಡುಗಳಲ್ಲಿ ನಿಲ್ಲುತ್ತದೆ, ದನಕರು ನಡೆದೇ ದಾಟುವ ಜಾಗಗಳೂ ಇರುತ್ತವೆ. ಜುಲೈ–ಆಗಸ್ಟ್ ಬಂದರೆ ಅದೇ ಜಾಗ ಬೇರೆಯಾಗುತ್ತದೆ. ಕೃಷ್ಣೆಗೆ ನೀರು ಬರುವುದು ಮಹಾಬಲೇಶ್ವರದ ಕಡೆಯ ಮಳೆಯಿಂದ, ತುಂಗಭದ್ರೆಗೆ ಮಲೆನಾಡಿನ ಮಳೆಯಿಂದ. ದೇವದುರ್ಗದಲ್ಲಿ ಆಕಾಶ ಬಿಳುಪಾಗಿ ಬಿಸಿಲು ಹೊಡೆಯುತ್ತಿರುವಾಗಲೇ ನಾರಾಯಣಪುರ ಜಲಾಶಯದ ಗೇಟು ತೆರೆದು ಹೊಳೆ ಉಕ್ಕಿಬಿಡಬಹುದು. ದೇವದುರ್ಗ ಮತ್ತು ಶಹಾಪುರ ಕಡೆಗಳನ್ನು ಕೂಡಿಸುವ ಹೂವಿನಹೆಡಗಿ ಸೇತುವೆ ದೊಡ್ಡ ಪ್ರವಾಹಗಳಲ್ಲಿ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 5 ಲಕ್ಷ ಕ್ಯುಸೆಕ್ ಮೀರಿತ್ತು. ಅದಕ್ಕೂ ಹಿಂದೆ, 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ದಂಡೆ ಮೀರಿ ಮಂತ್ರಾಲಯವನ್ನೇ ಮುಳುಗಿಸಿದಾಗ ರಾಯಚೂರು, ಮಾನ್ವಿ ತಾಲ್ಲೂಕುಗಳ ದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಂತವು. ಈ ಹೊಳೆಗಳಲ್ಲಿ ಜೀವ ತೆಗೆಯುವುದು ಸೆಳವು, ಸುಳಿ, ಬಂಡೆ ಮತ್ತು ಮರಳು ತೆಗೆದ ಗುಂಡಿ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಒಂದು ಹೆಜ್ಜೆಗೆ ತಲೆ ಮುಳುಗುವ ಗುಂಡಿಗೆ ಇಳಿದುಬಿಡುತ್ತಾರೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಅವುಗಳ ಎದುರು ಯಾವ ಉಡುಪೂ ಉಪಯೋಗಕ್ಕೆ ಬರುವುದಿಲ್ಲ.

ಚಳಿಯ ವಿಷಯ ಬೇರೆ. ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರಿನಲ್ಲಿ ಡಿಸೆಂಬರ್–ಜನವರಿಯ ಮುಂಜಾವಿನ ಗಾಳಿ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು, ಆದರೆ ಹೊಳೆಯ ನೀರು ಉಸಿರು ಕಟ್ಟಿಸುವಷ್ಟು ಕೊರೆಯುವುದಿಲ್ಲ. ಹಾಗೆಂದು ತಂಪು ಲೆಕ್ಕಕ್ಕಿಲ್ಲ ಎನ್ನುವಂತಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಬಿಸಿಯನ್ನು ಹೀರುತ್ತದೆ. ಪ್ರವಾಹದಲ್ಲಿ ಮರದ ಮೇಲೋ ಬಂಡೆಯ ಮೇಲೋ ಒದ್ದೆ ಬಟ್ಟೆಯಲ್ಲಿ ರಾತ್ರಿಯೆಲ್ಲ ಗಾಳಿಗೆ ಕೂತವರ ಮೈ, ನಮ್ಮ ಬಿಸಿಲ ನಾಡಿನಲ್ಲೂ, ಅಪಾಯದ ಮಟ್ಟಕ್ಕೆ ತಣ್ಣಗಾಗಬಲ್ಲದು. ಅಂಥವರನ್ನು ಇಳಿಸಿಕೊಂಡ ಮೇಲೆ ಮೊದಲು ಒದ್ದೆ ಬಟ್ಟೆ ಬಿಡಿಸಿ ಕಂಬಳಿ ಹೊದಿಸಬೇಕು.

ಹರಿಗೋಲು ಮತ್ತು ಸೋರೆ ಬುರುಡೆ

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಹೊತ್ತಿಗೆ ಆನೆಗೊಂದಿಯ ಬಳಿ ಜನ ತುಂಗಭದ್ರೆಯನ್ನು ದಾಟುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ, ಒಳಗೆ ಬೆತ್ತ, ಹೊರಗೆ ಚರ್ಮದ ದೋಣಿಗಳು, ಒಂದರಲ್ಲಿ ಹದಿನೈದಿಪ್ಪತ್ತು ಜನ, ನೆಟ್ಟಗೆ ಹೋಗಲಾರದೆ ತಿರುಗುತ್ತ ಸಾಗುವ ಹರಿಗೋಲುಗಳು. ಅದೇ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನ ಯುದ್ಧ ನಡೆದ ಕಾಲ. ಇಂದಿನ ಹರಿಗೋಲಿಗೆ ಬಿದಿರಿನ ಹೆಣಿಗೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಅಥವಾ ತಾಡಪಾಲು ಸುತ್ತಿ ಡಾಂಬರು ಬಳಿಯುತ್ತಾರೆ. ಫೈಬರಿನವೂ ಬಂದಿವೆ. ತಳ ಚಪ್ಪಟೆಯಾದ್ದರಿಂದ ಬಂಡೆಗಳ ನಡುವಿನ ಕಡಿಮೆ ನೀರಿನಲ್ಲಿ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಸೆಳವು ಹೆಚ್ಚಿದಾಗ ಮಾತ್ರ ಇದರ ದುಂಡುತನವೇ ತೊಡಕು. ಹುಟ್ಟು ಹಾಕುವ ಅಂಬಿಗನ ಹಿಡಿತ ತಪ್ಪಿದರೆ ಹರಿಗೋಲು ಗಿರ್ರನೆ ತಿರುಗುತ್ತದೆ, ಹೆದರಿದವರೆಲ್ಲ ಒಂದೇ ಕಡೆ ವಾಲಿದರೆ ಮಗುಚುತ್ತದೆ.

ರಾಯಚೂರು ತಾಲ್ಲೂಕಿನ ಕೃಷ್ಣೆಯಲ್ಲಿ ಜನವಸತಿಯ ನಡುಗಡ್ಡೆಗಳಿವೆ: ಕುರ್ವಕಲಾ, ಕುರ್ವಕುರ್ದಾ, ಮತ್ತು ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ಮಹಾರಾಷ್ಟ್ರದಿಂದಲೂ ಭಕ್ತರು ಬರುವ ಕುರುವಪುರ. ಅಕ್ಕಿ, ಗೊಬ್ಬರ, ಬಾಣಂತಿ, ಶಾಲೆಯ ಮಕ್ಕಳು ಎಲ್ಲವೂ, ಎಲ್ಲರೂ ನೀರಿನ ಮೇಲೆಯೇ ಬರಬೇಕಾದ ಜಾಗಗಳಿವು. 2020ರ ಆಗಸ್ಟ್‌ನಲ್ಲಿ, ಹೊಳೆ ತುಂಬಿದ್ದಾಗ, ತೆಲಂಗಾಣದ ಪಂಚದೇವ ಪಹಾಡ್ ಮತ್ತು ಕುರ್ವಕುರ್ದಾ ನಡುವೆ ಹರಿಗೋಲೊಂದು ಮಗುಚಿ ನಾಲ್ವರು ನೀರುಪಾಲಾದರು. ಆ ಋತುವಿನಲ್ಲಿ ಆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರ ಮೈಮೇಲೂ ತೇಲುಡುಪು ಇರಬೇಕೆನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ತೇಲಿಸುವ ಉಡುಪು ಈ ನಾಡಿಗೆ ಹೊರಗಿನಿಂದ ಬಂದ ಹೊಸತಲ್ಲ. ಕೃಷ್ಣಾ ತೀರದವರು ಸೋರೆ ಬುರುಡೆಯನ್ನು ಹಿಂದಿನಿಂದಲೂ ಬಲ್ಲರು. ಬಳ್ಳಿಯಲ್ಲೇ ಪೂರ್ತಿ ಬಲಿತ ಸೋರೆಕಾಯಿಯನ್ನು ಕೊಯ್ದು, ಒಳಗೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿದರೆ ಸಿಪ್ಪೆ ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಎರಡು ಮೂರು ಬುರುಡೆಗಳನ್ನು ಹಗ್ಗದಿಂದ ಹೆಣೆದು ಎದೆಗೋ ಕಂಕುಳ ಕೆಳಗೋ ಕಟ್ಟಿಕೊಂಡು ಈಜುತ್ತಾರೆ. ಇದರ ಲೆಕ್ಕ ಸರಳ. ಒಂದು ಲೀಟರ್ ಗಾಳಿ ಹಿಡಿದ ಬುರುಡೆ ನೀರಿನಲ್ಲಿ ಹೆಚ್ಚುಕಡಿಮೆ 1 ಕೆ.ಜಿ. ಭಾರವನ್ನು ಎತ್ತುತ್ತದೆ. ನೀರಿನೊಳಗೆ ಮನುಷ್ಯನ ಮೈ ತೂಗುವುದು ಕೆಲವೇ ಕೆ.ಜಿ. ಆದ್ದರಿಂದ ನಾಲ್ಕೈದು ಲೀಟರಿನ ಎರಡು ಬುರುಡೆ ವಯಸ್ಕರ ತಲೆಯನ್ನು ನೀರಿನ ಮೇಲೆ ಹಿಡಿಯಲು ಸಾಕು. 2014ರ ಜುಲೈ ಕೊನೆಯಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು, ಯಾವ ಅಂಬಿಗನೂ ದೋಣಿ ಇಳಿಸಲು ಒಪ್ಪದಷ್ಟು ಉಕ್ಕಿದ್ದ ಕೃಷ್ಣೆಯನ್ನು, ಮನೆಯವರ ಜೊತೆ ಇಂಥ ಬುರುಡೆಗಳನ್ನು ಕಟ್ಟಿಕೊಂಡೇ ಈಜಿ ದಾಟಿದರು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ದೇಶದ ಪತ್ರಿಕೆಗಳೆಲ್ಲ ಆ ಧೈರ್ಯವನ್ನು ಹೊಗಳಿದವು. ಹೆರಿಗೆಗೆ ಹೋಗಲು ಹೆಣ್ಣುಮಗಳೊಬ್ಬಳು ಅಷ್ಟು ಧೈರ್ಯ ಮಾಡಬೇಕಾಗಿ ಬಂದದ್ದು ಆ ಹೊಗಳಿಕೆಗಿಂತ ದೊಡ್ಡ ವಿಷಯ.

ಬುರುಡೆಯ ಕೊರತೆಗಳೂ ತಿಳಿದವೇ. ಬಂಡೆಗೆ ಬಡಿದರೆ ಒಡೆಯುತ್ತದೆ, ಹಗ್ಗ ಜಾರುತ್ತದೆ, ಎಚ್ಚರ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ.

ಲೈಫ್ ಜಾಕೆಟ್

ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ 1854ರಲ್ಲಿ ಬೆಂಡಿನ ತುಂಡುಗಳನ್ನು ಕ್ಯಾನ್ವಾಸಿಗೆ ಹೊಲಿಸಿ ಜಾಕೆಟ್ ಮಾಡಿಸಿದ. 1861ರ ಫೆಬ್ರುವರಿಯ ಬಿರುಗಾಳಿಯಲ್ಲಿ ವ್ಹಿಟ್‌ಬಿ ಊರಿನ ರಕ್ಷಣಾ ದೋಣಿ ಮಗುಚಿದಾಗ ಅದರಲ್ಲಿದ್ದ 13 ಜನರಲ್ಲಿ ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ; ಆ ಹೊಸ ಜಾಕೆಟ್ ತೊಟ್ಟಿದ್ದವನು ಅವನು. ಮುಂದೆ ಬೆಂಡಿನ ಜಾಗಕ್ಕೆ ಬಿಳಿ ಬೂರುಗದ ಹತ್ತಿ, ಆಮೇಲೆ ಫೋಮ್ ಬಂತು.

ಜಾಕೆಟ್ಟಿನ ತೇಲುಬಲವನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 10 ನ್ಯೂಟನ್ ಎಂದರೆ ಸುಮಾರು 1 ಕೆ.ಜಿ. ಅಂತರರಾಷ್ಟ್ರೀಯ ಮಾನಕದಲ್ಲಿ 50, 100, 150, 275 ನ್ಯೂಟನ್ ಎಂಬ ಮಟ್ಟಗಳಿವೆ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ಹುಟ್ಟು ಹಾಕುವ ಅಂಬಿಗನಿಗೆ. ಅದು ಕೈಯಾಡಿಸಲು ಅಡ್ಡಿಯಾಗುವುದಿಲ್ಲ, ಆದರೆ ಪ್ರಜ್ಞೆ ತಪ್ಪಿದವರನ್ನು ಅಂಗಾತ ಮಾಡುವುದಿಲ್ಲ. 100 ನ್ಯೂಟನ್ನಿನದಕ್ಕೆ ಕುತ್ತಿಗೆಯ ಹಿಂದೆ ಪಟ್ಟಿಯಿದ್ದು, ಶಾಂತ ನೀರಿನಲ್ಲಿ ಹೆಚ್ಚಿನವರ ಮುಖವನ್ನು ಮೇಲೆ ಹಿಡಿಯುತ್ತದೆ. ಈಜು ಬಾರದ ಪ್ರಯಾಣಿಕರಿಗೆ, ಅಂದರೆ ಕುರುವಪುರಕ್ಕೆ ಹೋಗುವ ಯಾತ್ರಿಕರಲ್ಲಿ ಬಹುಪಾಲು ಜನರಿಗೆ, ಇದೇ ಸರಿ. ಅದಕ್ಕೂ ಮೇಲಿನವು ಸಮುದ್ರಕ್ಕೆ. ಗ್ಯಾಸ್ ಸಿಲಿಂಡರಿನಿಂದ ಉಬ್ಬುವ ಜಾಕೆಟ್ ತೆಳುವಾಗಿ ಚೆಂದ ಕಾಣುತ್ತದೆ, ಆದರೆ ಬಿದಿರಿನ ಮೊನೆ, ಬಂಡೆಯ ಅಂಚು ಇರುವಲ್ಲಿ ಅದನ್ನು ನಂಬಬಾರದು; ಹರಿಗೋಲಿಗೆ ಫೋಮಿನದೇ ಬೇಕು.

ಹಾಕುವ ಕ್ರಮದಲ್ಲಿ ನಮ್ಮ ಕಡೆ ಆಗುವ ತಪ್ಪು ಒಂದೇ ಬಗೆಯದು: ಜಾಕೆಟನ್ನು ಹೆಗಲಿಗೆ ತೂಗುಹಾಕಿಕೊಂಡು ಬಕಲ್ ಬಿಟ್ಟುಬಿಡುವುದು. ನೀರಿಗೆ ಬಿದ್ದ ಕೂಡಲೇ ಅಂಥ ಜಾಕೆಟ್ ತಲೆಯ ಮೇಲಿನಿಂದ ಕಳಚಿ ತಾನೊಂದೇ ತೇಲಿಹೋಗುತ್ತದೆ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಅದರ ಮೇಲೆ ಜಾಕೆಟ್ ತೊಟ್ಟು, ಕೆಳಗಿನ ಬಕಲ್‌ನಿಂದ ಶುರುಮಾಡಿ ಮೇಲಕ್ಕೆ ಹಾಕಿಕೊಳ್ಳಬೇಕು. ಸೆರಗು ಜಾಕೆಟ್ಟಿನ ಹೊರಗಿದ್ದರೆ ನೀರಿನಲ್ಲಿ ಅದೇ ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಎಲ್ಲ ಹಾಕಿದ ಮೇಲೆ ಇನ್ನೊಬ್ಬರು ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಸಡಿಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕುವುದು ಹಾಕದಿದ್ದಷ್ಟೇ ಅಪಾಯ. ಅವರದು ತೂಕಕ್ಕೆ ತಕ್ಕದ್ದಿರಬೇಕು, ತೊಡೆಗಳ ನಡುವೆ ಹಾಯುವ ಪಟ್ಟಿ ಇರಬೇಕು. ಒಳಗೆ ಥರ್ಮಾಕೋಲ್ ತುಂಬಿದ ಅಗ್ಗದ ಜಾಕೆಟ್ಟುಗಳು ಒಂದೆರಡು ಋತುವಿನಲ್ಲಿ ಪುಡಿಯಾಗುತ್ತವೆ. ಒಳ್ಳೆಯ ಫೋಮಿನದನ್ನೂ ಕೂರುವ ಮೆತ್ತೆಯಾಗಿ ಬಳಸಿದರೆ ಅದು ಚಪ್ಪಟೆಯಾಗಿ ತೇಲುಬಲ ಕಳೆದುಕೊಳ್ಳುತ್ತದೆ.

2019ರ ಆಗಸ್ಟ್‌ನಲ್ಲಿ ತುಂಗಭದ್ರೆಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಪ್ರವಾಸಿಗರನ್ನು ಕರೆತರುವ ಕಾರ್ಯಾಚರಣೆಯ ವೇಳೆ ರಕ್ಷಣಾ ದೋಣಿಯೊಂದು ಮಗುಚಿ ಸಿಬ್ಬಂದಿಯೇ ಕೊಚ್ಚಿಹೋದರು. ಜಾಕೆಟ್ ತೊಟ್ಟಿದ್ದ ಅವರನ್ನು ಜೀವಂತ ಮೇಲೆತ್ತಲಾಯಿತು. ತರಬೇತಾದ ಈಜುಗಾರರಿಗೂ ಆ ಸೆಳವಿನಲ್ಲಿ ತೋಳ ಬಲ ಸಾಲುವುದಿಲ್ಲ.

ಜಾಕೆಟ್ಟಿಗೂ ಮೀರಿದ ಒಂದು ಜಾಗವಿದೆ: ಅಡ್ಡಗಟ್ಟೆಯ ಕೆಳಬದಿ. ಮಾನ್ವಿ ಕಡೆಯ ರಾಜೋಳಿಬಂಡಾ ಅಣೆಕಟ್ಟೆಯಂಥ ಕಡೆ, ಕಟ್ಟೆಯ ಮೇಲಿಂದ ಉದ್ದಕ್ಕೂ ಧುಮುಕುವ ನೀರು ಬುಡದಲ್ಲಿ ಹಿಮ್ಮುಖವಾಗಿ ಉರುಳುತ್ತದೆ. ಅದರಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ಸುತ್ತುತ್ತಿರುತ್ತದೆ. ಮನುಷ್ಯನ ಗತಿಯೂ ಅಷ್ಟೇ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ತೇಲುಬಲವೂ ಕಡಿಮೆಯಾಗುತ್ತದೆ. ನೀರು ಕಟ್ಟೆ ಹಾಯುತ್ತಿರುವಾಗ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ದೋಣಿಯಲ್ಲಿ ಅದರ ಹತ್ತಿರ ಹೋಗಬಾರದು.

ಡ್ರೈಸೂಟ್

ನೀರು 15 ಡಿಗ್ರಿಗಿಂತ ತಣ್ಣಗಿರುವ ಕಡೆ ತೇಲುವುದಷ್ಟೇ ಸಾಲದು. ಕೆನಡಾದ ಮಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ‘1–10–1’ ಎಂಬ ಸೂತ್ರದಲ್ಲಿ ಹೇಳುತ್ತಾರೆ. ಹಿಮದಷ್ಟು ತಣ್ಣನೆಯ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು ಬರುತ್ತದೆ. ಆಗ ಬಾಯಿ ನೀರಿನಡಿ ಇದ್ದರೆ ಮುಗಿಯಿತು. ಮುಂದಿನ 10 ನಿಮಿಷದಲ್ಲಿ ಕೈಕಾಲು ಮರಗಟ್ಟಿ ಹಗ್ಗ ಹಿಡಿಯುವ ಶಕ್ತಿಯೂ ಹೋಗುತ್ತದೆ. ಮೈಯೊಳಗಿನ ಬಿಸಿ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಅಂದರೆ ಹೆಚ್ಚಿನವರು ಸಾಯುವುದು ಚಳಿಯ ಕೊನೆಯ ಹಂತಕ್ಕೆ ಮುಟ್ಟುವ ಮೊದಲೇ, ಮುಳುಗಿ.

ವೆಟ್‌ಸೂಟ್ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಿಯೋಪ್ರೀನ್ ರಬ್ಬರಿಗೂ ಚರ್ಮಕ್ಕೂ ನಡುವೆ ನಿಂತ ತೆಳು ನೀರಿನ ಪದರ ಮೈಬಿಸಿಗೆ ಬೆಚ್ಚಗಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮುಳುಗುವವರು ತೊಡುವುದು ಇಂಥದ್ದನ್ನೇ. ಡ್ರೈಸೂಟ್ ನೀರನ್ನು ಒಳಕ್ಕೆ ಬಿಡುವುದಿಲ್ಲ. ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಿಗಿಯಾದ ರಬ್ಬರು ಪಟ್ಟಿ, ಕಾಲಿಗೆ ಹೊಂದಿಸಿ ಹೊಲಿದ ಕಾಲುಚೀಲ, ನೀರು ನುಗ್ಗದ ಜಿಪ್ ಇರುತ್ತವೆ. ಇದರ ಹಿರಿಯ ರೂಪ 1830ರ ದಶಕದಲ್ಲಿ ಅಗಸ್ಟಸ್ ಸೀಬೆ ಮಾಡಿದ, ಲೋಹದ ಶಿರಸ್ತ್ರಾಣದ ಮುಳುಗು ಉಡುಪು.

ಆರಿಸುವವರು ಮೊದಲು ತಿಳಿಯಬೇಕಾದದ್ದು: ದೋಣಿಯಾನದ ಡ್ರೈಸೂಟಿನ ಬಟ್ಟೆಗೆ ತನ್ನದೇ ಬಿಸಿಯಿಲ್ಲ. ಬೆಚ್ಚಗಿಡುವುದು ಒಳಗೆ ಹಾಕಿದ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಒಳಗೆ ಹತ್ತಿ ಬೇಡ. ಬಟ್ಟೆಯಲ್ಲಿ ಎರಡು ಬಗೆ. ಪೂರ್ತಿ ರಬ್ಬರು ಲೇಪದ್ದು ಅಗ್ಗ, ಆದರೆ ಬೆವರು ಒಳಗೇ ನಿಲ್ಲುತ್ತದೆ. ಗೋರ್‌ಟೆಕ್ಸ್‌ನಂಥ ಪೊರೆಯಿರುವುದು ನೀರನ್ನು ತಡೆದು ಆವಿಯನ್ನು ಹೊರಬಿಡುತ್ತದೆ. ಬೆಲೆ ಹೆಚ್ಚು, ಒಳ್ಳೆಯದಕ್ಕೆ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಗಂಟೆಗಟ್ಟಲೆ ಹುಟ್ಟು ಹಾಕುವವರಿಗೆ ಆ ಹಣ ದಂಡವಲ್ಲ.

ಪಟ್ಟಿಗಳ ಆಯ್ಕೆಯಲ್ಲಿ ಹೆಚ್ಚು ಗಮನ ಬೇಕು, ಏಕೆಂದರೆ ಡ್ರೈಸೂಟ್ ಸೋಲುವುದು ಸಾಮಾನ್ಯವಾಗಿ ಅಲ್ಲಿಯೇ. ಲೇಟೆಕ್ಸ್ ಪಟ್ಟಿ ಚೆನ್ನಾಗಿ ಮುಚ್ಚುತ್ತದೆ, ಆದರೆ ಬಿಸಿಲು, ಎಣ್ಣೆ, ಸನ್‌ಸ್ಕ್ರೀನ್ ತಗುಲಿ ಬಿರುಕು ಬಿಡುತ್ತದೆ. ಸಿಲಿಕೋನಿನದು ಬಿಸಿಲಿಗೆ ಬಾಳುತ್ತದೆ, ಅಂಟು ಮಾತ್ರ ಹಿಡಿಯುವುದಿಲ್ಲ. ಅದನ್ನು ಉಂಗುರಕ್ಕೆ ಸಿಕ್ಕಿಸುವ ವ್ಯವಸ್ಥೆಯಿರುವ ಸೂಟ್ ಬೇಕು. ಕುತ್ತಿಗೆಗೆ ನಿಯೋಪ್ರೀನ್ ಪಟ್ಟಿಯಿರುವುದನ್ನು ‘ಸೆಮಿ–ಡ್ರೈ’ ಎನ್ನುತ್ತಾರೆ. ಅದು ಉಸಿರಾಟಕ್ಕೆ ಹಿತ, ಸ್ವಲ್ಪ ನೀರು ಜಿನುಗುತ್ತದೆ. ಪದೇಪದೇ ನೀರಿಗೆ ಬೀಳುವವರಿಗೆ ತಕ್ಕದ್ದಲ್ಲ. ಹಿತ್ತಾಳೆ ಹಲ್ಲಿನ ಜಿಪ್ಪಿಗೆ ಮೇಣ, ಪ್ಲಾಸ್ಟಿಕ್ ಹಲ್ಲಿನದಕ್ಕೆ ಕಂಪನಿ ಹೇಳಿದ ಜಾರುಮುಲಾಮು. ಮೂತ್ರಕ್ಕೆ ಬೇರೆ ಜಿಪ್ ಇರುವುದನ್ನೇ ಕೊಳ್ಳುವುದು ಒಳ್ಳೆಯದು. ಅದು ಇಲ್ಲದವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಅದು ಇನ್ನೊಂದು ತೊಂದರೆ. ಅಳತೆ ನೋಡುವಾಗ ಒಳಗಿನ ಉಣ್ಣೆ ಹಾಕಿಕೊಂಡೇ ಕುಕ್ಕರಗಾಲಲ್ಲಿ ಕೂತು, ತೋಳುಗಳನ್ನು ತಲೆಯ ಮೇಲೆ ಎತ್ತಿ ನೋಡಬೇಕು. ನೀರಿಗೆ ಇಳಿಯುವ ಮೊದಲು ಕುತ್ತಿಗೆಯ ಪಟ್ಟಿ ಸ್ವಲ್ಪ ಬಿಡಿಸಿ ಹಾಗೆಯೇ ಕುಕ್ಕರಿಸಿದರೆ ಒಳಗಿನ ಗಾಳಿ ಹೊರಹೋಗುತ್ತದೆ. ಗಾಳಿ ಉಳಿದರೆ ಅದು ಕಾಲಿನತ್ತ ಸರಿದು ಕಾಲನ್ನು ಮೇಲೆತ್ತಬಹುದು. ಈ ಎಲ್ಲದರ ಮೇಲೆ ಲೈಫ್ ಜಾಕೆಟ್ ಇರಲೇಬೇಕು.

ವರ್ಷವಿಡೀ ನೀರು ತಣ್ಣಗಿರುವ ಸಿಯಾಟಲ್ ಸುತ್ತಿನ ಕಡಲಕೊಲ್ಲಿಗಳಲ್ಲಿ, ಬ್ರಿಟನ್ನಿನ ಕರಾವಳಿಯಲ್ಲಿ, ನಾರ್ವೆಯಲ್ಲಿ ಕಯಾಕ್ ಕಲಿಯುವ ಕನ್ನಡಿಗರಿಗೆ ಇದು ದಿನಬಳಕೆಯ ಆಯ್ಕೆ. ಅಲ್ಲಿ ಎಚ್ಚರ ತಪ್ಪಿಸುವುದು ಬಿಸಿಲು. ಏಪ್ರಿಲ್–ಮೇ ತಿಂಗಳ ಹಿತವಾದ ದಿನ ಗಾಳಿ 20 ಡಿಗ್ರಿ ಇದ್ದರೂ ನೀರು 10ರ ಆಸುಪಾಸಿನಲ್ಲೇ ಇರುತ್ತದೆ. ಉಡುಪನ್ನು ನೀರಿನ ತಂಪಿಗೆ ತಕ್ಕಂತೆ ಆರಿಸಬೇಕು, ಗಾಳಿಯ ಬಿಸಿಗೆ ತಕ್ಕಂತೆ ಅಲ್ಲ. ಲಡಾಖಿನ ಜಂಸ್ಕಾರ್ ನದಿಯಲ್ಲಿ ರಾಫ್ಟಿಂಗ್‌ಗೆ ಹೋಗುವ ರಾಜ್ಯದ ತರುಣರಿಗೂ ಇದೇ ಮಾತು: ಅದು ಜುಲೈನಲ್ಲೂ ಹಿಮ ಕರಗಿದ ನೀರು.

ರಾಯಚೂರಿನಲ್ಲಿ ಡ್ರೈಸೂಟ್

ಈ ಜಿಲ್ಲೆಯಲ್ಲಿ ಪ್ರಯಾಣಿಕರಿಗೆ, ಅಂಬಿಗರಿಗೆ, ಮೀನುಗಾರರಿಗೆ ಡ್ರೈಸೂಟ್ ಬೇಡ. ಬೇಡ ಎನ್ನುವುದಕ್ಕಿಂತ ಅಪಾಯ ಎನ್ನಬೇಕು. ಪೊರೆಯಿರುವ ಬಟ್ಟೆಯೂ ಆವಿಯನ್ನು ಹೊರಬಿಡುವುದು ಒಳಗಿಗಿಂತ ಹೊರಗೆ ತಂಪು, ಒಣಹವೆ ಇದ್ದಾಗ. ಸೆಕೆಯ ದಿನ ಅದು ಕೆಲಸ ಮಾಡುವುದಿಲ್ಲ. ಮುಚ್ಚಿದ ಉಡುಪಿನಲ್ಲಿ ಹುಟ್ಟು ಹಾಕುವವರ ಬೆವರು ಆರದೆ ಮೈ ಕಾದು, ನೀರಿಗೆ ಬೀಳುವ ಮೊದಲೇ ಬಿಸಿಲಾಘಾತವಾಗಬಹುದು.

ಅದು ಒಪ್ಪುವುದು ಪ್ರವಾಹ ರಕ್ಷಣೆಯ ಸಿಬ್ಬಂದಿಗೆ, ಅದೂ ಚಳಿಯ ಕಾರಣಕ್ಕಲ್ಲ, ಕೊಳೆಯ ಕಾರಣಕ್ಕೆ. ಊರೊಳಗೆ ನುಗ್ಗಿದ ನೀರಿನಲ್ಲಿ ಚರಂಡಿ, ಸತ್ತ ದನ, ಭತ್ತದ ಗದ್ದೆಗೆ ಹೊಡೆದ ಔಷಧ ಎಲ್ಲವೂ ಬೆರೆತಿರುತ್ತವೆ. ಕಾಲಿನ ಸಣ್ಣ ಗಾಯದಿಂದಲೂ ಇಲಿಜ್ವರ ಹತ್ತಬಹುದು. ಅಂಥ ನೀರಿನಲ್ಲಿ ದಿನಗಟ್ಟಲೆ ಎದೆಯುದ್ದ ನಿಂತು ಕೆಲಸ ಮಾಡುವವರಿಗೆ ತೆಳು ಬಟ್ಟೆಯ ಡ್ರೈಸೂಟ್, ಒಳಗೆ ಒಂದೇ ಹಗುರ ಪದರ, ಮೊಣಕಾಲು ಮತ್ತು ಆಸನದಲ್ಲಿ ದಪ್ಪ ತೇಪೆ, ಬಂಡೆಗೆ ತಡೆಯುವ ಬೂಟು, ಹೆಲ್ಮೆಟ್ ಮತ್ತು ಎಳೆದ ಕೂಡಲೇ ಕಳಚುವ ಹಗ್ಗಪಟ್ಟಿಯ ರಕ್ಷಣಾ ಜಾಕೆಟ್ ಬೇಕು. ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ದಡಕ್ಕೆ ಕರೆದು, ಕುತ್ತಿಗೆ ಬಿಡಿಸಿ, ನೀರು ಕುಡಿಸುವ ಸರದಿಯೂ ಇರಬೇಕು. ಬೆಂಕಿ ಆರಿಸುವವರು ತೊಡುವ ದಪ್ಪ ಕೋಟು, ಗಂಬೂಟುಗಳಲ್ಲಿ ಯಾರನ್ನೂ ಹರಿವ ನೀರಿಗೆ ಇಳಿಸಬಾರದು. ಬೂಟಿಗೆ ನೀರು ತುಂಬಿದರೆ ಸೆಳವಿನಲ್ಲಿ ಕಾಲು ಎತ್ತಲಾಗದು.

ಜೋಪಾನ

ರಾಯಚೂರಿನ ಬೇಸಿಗೆ ರಬ್ಬರಿಗೂ ಫೋಮಿಗೂ ಕೆಟ್ಟದ್ದು. ತಗಡಿನ ಶೆಡ್ಡಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಕಟ್ಟಿಟ್ಟ ಲೇಟೆಕ್ಸ್ ಪಟ್ಟಿ ಮಳೆಗಾಲಕ್ಕೆ ತೆಗೆದಾಗ ಅಂಟಂಟಾಗಿರುತ್ತದೆ, ಇಲ್ಲವೇ ಎಳೆದ ಕಡೆ ಹರಿಯುತ್ತದೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಳಹೊರಗು ಮಾಡಿ ನೆರಳಿನಲ್ಲಿ ಒಣಗಿಸಿ, ಜಿಪ್ ಮಡಿಯದ ಹಾಗೆ ಸಡಿಲವಾಗಿ ಸುತ್ತಿ ತಂಪು ಕೋಣೆಯಲ್ಲಿ ಇಡಬೇಕು. ತೂತು ಹುಡುಕಲು ಪಟ್ಟಿಗಳನ್ನು ಕಟ್ಟಿ ಒಳಗೆ ಗಾಳಿ ತುಂಬಿ ಸಾಬೂನು ನೀರು ಸವರಿದರೆ ಗುಳ್ಳೆ ಏಳುವಲ್ಲಿ ತೇಪೆ ಹಾಕಬಹುದು.

ಲೈಫ್ ಜಾಕೆಟ್ಟಿನ ಪರೀಕ್ಷೆ ಇನ್ನೂ ಸುಲಭ. ಜೂನ್ ಮೊದಲ ವಾರ, ಗೇಟು ತೆರೆಯುವ ಮುಂಚೆ, ದಡದ ಸೊಂಟದುದ್ದ ನೀರಿನಲ್ಲಿ ಈಜುಗಾರನೊಬ್ಬ ಪ್ರತಿ ಜಾಕೆಟನ್ನೂ ತೊಟ್ಟು ಕಾಲು ಎತ್ತಿ ತೇಲಿ ನೋಡಬೇಕು. ಗದ್ದ ನೀರಿಗೆ ತಾಗುವಷ್ಟು ಮುಳುಗಿಸುವುದನ್ನು, ಬಕಲ್ ಬಿರುಕು ಬಿಟ್ಟಿರುವುದನ್ನು, ಬಣ್ಣ ಮಾಸಿ ಬಟ್ಟೆ ಉಗುರಿಗೇ ಹರಿಯುವುದನ್ನು ಅಂದೇ ಕತ್ತರಿಸಿ ಬಿಸಾಡಬೇಕು, ಇಲ್ಲದಿದ್ದರೆ ಅವಸರದಲ್ಲಿ ಅದು ಮತ್ತೆ ಯಾರದೋ ಮೈಮೇಲೆ ಏರುತ್ತದೆ.